ಕೆರೆ ಬದಿಯ ಕಪ್ತಾನನಿಗೆ ಹೇಳಿಕೊಂಡ ಹರಕೆ

ನನ್ನ ಗಂಡ ನನಗೆ ಕಾರು ಕಲಿಸಲು ಹೊರಟ ದಿನವೇ ನಮ್ಮ ಸಂಸಾರ ಒಡೆಯಬೇಕಿತ್ತು. ಒಡೆಯಲಿಲ್ಲ, ಏಕೆಂದರೆ ಅವರು ಅರ್ಧ ದಾರಿಯಲ್ಲೇ ಕಾರಿನಿಂದ ಇಳಿದು ಮನೆಯ ಕಡೆಗೆ ನಡೆದುಬಿಟ್ಟರು. ನಾನು ಆ ಮಣ್ಣು ರಸ್ತೆಯ ನಡುವೆ ಸ್ಟೀರಿಂಗ್ ಹಿಡಿದುಕೊಂಡು ಒಬ್ಬಳೇ ಕುಳಿತಿದ್ದೆ. ಸಿಟ್ಟು ನೆತ್ತಿಗೇರಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರೇ ತಿರುಗಿ ಬಂದು ಕಿಟಕಿಯೊಳಗೆ ತಲೆ ಹಾಕಿ, “ನಿನಗೆ ಬೇರೆ ಯಾರಾದರೂ ಕಲಿಸಲಿ ಮಾರಾಯ್ತಿ. ನನಗೆ ಇನ್ನೂ ಸ್ವಲ್ಪ ವರ್ಷ ಬದುಕಲಿಕ್ಕುಂಟು,” ಎಂದರು.

ಇದು ಎಂಬತ್ತರ ದಶಕದ ಕೊನೆಯ ಮಾತು. ಒಮಾನಿನ ಬಾಟಿನಾ ತೀರದಲ್ಲಿ, ಸಹಮ್ ಪೇಟೆಯ ಅಂಚಿನಲ್ಲಿ ನಮ್ಮ ಬಾಡಿಗೆ ಮನೆ. ಗಂಡ ಯಂತ್ರಗಳ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಸೇಲ್ಸ್‌ಮನ್. ಶನಿವಾರ ಬೆಳಿಗ್ಗೆ ಕಂಪನಿಯ ಪಿಕಪ್ ಹತ್ತಿದರೆ ಒಂದು ವಾರ ಇಬ್ರಿ, ಇನ್ನೊಂದು ವಾರ ಇಬ್ರಾ ಎಂದು ತಿರುಗುತ್ತಿದ್ದರು. ಮತ್ತೆ ಮುಖ ತೋರಿಸುವುದು ಬುಧವಾರ ಸಂಜೆಗೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನಮ್ಮ ಕಾರು ಅಷ್ಟು ದಿನವೂ ಅಂಗಳದಲ್ಲಿ ಧೂಳು ತಿನ್ನುತ್ತ ನಿಂತಿರುತ್ತಿತ್ತು. ನಾನು ಒಳಗೆ, ಅದು ಹೊರಗೆ. ಇಬ್ಬರಿಗೂ ಮಾಡಲು ಕೆಲಸವಿರಲಿಲ್ಲ.

ಅಂಥ ಹೊತ್ತಿನಲ್ಲಿ ಪಕ್ಕದ ಪಟ್ಟಣ ಸೊಹಾರಿನ ಭಾರತೀಯ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ ಖಾಲಿ ಇದೆ ಎಂಬ ಸುದ್ದಿ ಬಂತು. ಹೋಗಿ ಮಾತಾಡಿಸಿದೆ. ಮುಖ್ಯೋಪಾಧ್ಯಾಯಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಬಿ.ಎಡ್. ಸರ್ಟಿಫಿಕೇಟನ್ನೂ ಮೇಲಿಂದ ಕೆಳಗೆ ನೋಡಿ, ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಬಂದುಬಿಡಿ ಎಂದರು. ಆದರೆ ನಮ್ಮ ಬಸ್ಸು ಸಹಮ್ ಕಡೆಗೆ ಬರುವುದಿಲ್ಲ, ನಿಮ್ಮ ದಾರಿ ನೀವೇ ನೋಡಿಕೊಳ್ಳಬೇಕು, ಬರಲಾಗದಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದೂ ಸೇರಿಸಿದರು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಊರಿನಲ್ಲಿ ಓದಿ ಪಾಸಾಗಿ, ಇಲ್ಲಿ ಬಂದು ಏರ್ ಕಂಡೀಷನರಿನ ಸದ್ದು ಕೇಳುತ್ತ ಬೀನ್ಸ್ ಮುರಿಯುವುದು ನನಗೆ ಸಾಕಾಗಿಹೋಗಿತ್ತು. ಶಾಲೆ ತೆರೆಯುವ ಮೊದಲು ಲೈಸೆನ್ಸ್ ಕೈಗೆ ಬಂದರೆ ಕೆಲಸ, ಬಾರದಿದ್ದರೆ ಬೀನ್ಸ್.

ಒಮಾನಿನಲ್ಲಿ ಲೈಸೆನ್ಸ್ ತೆಗೆಯುವುದು ಹುಡುಗಾಟವಲ್ಲ. ಮೊದಲು ಡ್ರಮ್ ಟೆಸ್ಟ್. ಖಾಲಿ ಎಣ್ಣೆ ಡ್ರಮ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಅವುಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು, ಒಂದಕ್ಕೂ ತಾಗಬಾರದು. ತಾಗಿತೋ, ಇಸ್ತ್ರಿ ಮಾಡಿದ ಸಮವಸ್ತ್ರದ ಪೊಲೀಸಿನವರು ಕೈ ಎತ್ತಿ “ಖಲಾಸ್” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಅದು ದಾಟಿದರೆ ಪೊಲೀಸಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ರಸ್ತೆಗೆ ಇಳಿಯಬೇಕು. ಡ್ರಮ್ ಟೆಸ್ಟಿಗೆ ಹೋಗಿ ಹೋಗಿ ಮನೆಯಲ್ಲಿ ಅಕ್ಕಿ ಡಬ್ಬ ಕಂಡರೂ ಬೆಚ್ಚಿಬೀಳುವ ಗಂಡಸರನ್ನು ನಾನು ನೋಡಿದ್ದೆ.

ನನಗೆ ಸಿಕ್ಕ ಮೇಷ್ಟ್ರು ಅದೇ ತೀರದ ಬಲೂಚಿ ಮುದುಕ. ಬಿಳಿ ಗಡ್ಡ, ತಲೆಗೆ ಕಸೂತಿಯ ಟೋಪಿ, ಅಂಗಿಯ ಜೇಬಿನ ತುಂಬ ಖರ್ಜೂರ. ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದ. ಬಾಯಿ ತೆರೆದರೆ “ಶುವೈ ಶುವೈ ಮೇಡಂ,” ಅಂದರೆ ಮೆಲ್ಲಗೆ ಮೆಲ್ಲಗೆ. ನಾನು ಮೆಲ್ಲಗೆ ಹೋದರೆ “ಯಲ್ಲಾ ಮೇಡಂ, ಇದು ಗಾಡಿ, ಒಂಟೆ ಅಲ್ಲ!” ನಾನು ಬ್ರೇಕ್ ತುಳಿದಾಗಲೆಲ್ಲ ಒಂದು ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಪಾಠ ಮುಗಿಯುವಷ್ಟರಲ್ಲಿ ಜೇಬು ಖಾಲಿ.

ನನ್ನ ತೊಂದರೆ ಒಂದೇ, ಕೈ ನಡುಗುವುದು. ಮುಂದಕ್ಕೆ ಹೋಗುವಾಗ ಏನೂ ಇಲ್ಲ. ಹಿಂದಕ್ಕೆ ಗೇರು ಹಾಕಿದ ಕೂಡಲೇ ಎರಡೂ ಕೈ ಜ್ವರ ಬಂದವರ ಹಾಗೆ ನಡುಗಲು ಶುರು. ಮೇಷ್ಟ್ರು ಅದಕ್ಕೆ ಕಾಫಿ ಬಿಡಿ ಎಂದ. ಗಂಡ ಸಿಟ್ಟು ಬಿಡು ಎಂದರು. ಎರಡೂ ನನ್ನಿಂದಾಗುವ ಕೆಲಸವಾಗಿರಲಿಲ್ಲ.

ನಾವು ಅಭ್ಯಾಸ ಮಾಡುತ್ತಿದ್ದುದು ಊರಾಚೆಯ ಪಾರ್ಕಿನ ಪಕ್ಕದ ಬಯಲಿನಲ್ಲಿ, ಮೇಷ್ಟ್ರು ತಂದಿಟ್ಟ ಖಾಲಿ ಡ್ರಮ್‌ಗಳ ನಡುವೆ. ಪಾರ್ಕಿನ ನಡುವೆ ಒಂದು ಕೆರೆ. ನಮ್ಮೂರಿನ ಕೆರೆಯಂತೆ ದೊಡ್ಡದಲ್ಲ, ಕಲ್ಲು ಕಟ್ಟಿ ನೀರು ತುಂಬಿಸಿದ್ದು. ಆದರೂ ಆ ಬಿಸಿಲ ನಾಡಿನಲ್ಲಿ ನಾಲ್ಕು ಬಾತುಕೋಳಿ ಈಜುವಷ್ಟು ನೀರು ಒಟ್ಟಿಗೆ ಕಂಡರೆ ಕಣ್ಣು ತಂಪಾಗುತ್ತಿತ್ತು. ಸಂಜೆ ನಾನು ಡ್ರಮ್‌ಗಳಿಗೆ ಗುದ್ದುತ್ತಿದ್ದರೆ, ನಮ್ಮ ಮೇಲಿನ ಮನೆಯ ಗೆಳತಿ ನನ್ನ ಮಗಳನ್ನೂ ತನ್ನ ಮಕ್ಕಳನ್ನೂ ಅಲ್ಲಿ ಆಡಿಸುತ್ತ ಕೂರುತ್ತಿದ್ದಳು.

ಅವಳ ವಿಷಯ ಹೇಳಬೇಕು. ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ ಹೆಂಗಸು. ಗಂಡನದು ಸೂಕ್, ಅಂದರೆ ಮಾರುಕಟ್ಟೆ, ಅದರ ಹತ್ತಿರ ಸಣ್ಣ ಕೆಫೆಟೇರಿಯಾ. ಕೆಫೆಟೇರಿಯಾದ ಹಿಂದಿನ ಅಡುಗೆಕೋಣೆಯಲ್ಲಿ ಸಮೋಸ, ಮೊಟ್ಟೆರೊಟ್ಟಿ ಎಲ್ಲ ಮಾಡಿಡುವವಳು ಇವಳೇ. ನಾವಿಬ್ಬರೂ ಆಡುತ್ತಿದ್ದುದು ತುಳು. ಸಿಟ್ಟು ಬಂದಾಗ ಅವಳು ಬ್ಯಾರಿ ಭಾಷೆಗೂ ನಾನು ಕನ್ನಡಕ್ಕೂ ಹಾರುತ್ತಿದ್ದೆವು. ನಗುವುದೆಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ನಾನು ಡ್ರಮ್ ಉರುಳಿಸಿದ ಪ್ರತಿ ಸಲವೂ ಕೆರೆಯ ಆಚೆಯಿಂದ ಅವಳ ನಗು ಕೇಳಿಸುತ್ತಿತ್ತು.

“ನೀನೂ ಕಲಿ, ಆಗ ಗೊತ್ತಾಗ್ತದೆ,” ಎಂದರೆ, “ನಮ್ಮವರು ನನ್ನನ್ನು ಕಾರಿನ ಮುಂದಿನ ಸೀಟಿನಲ್ಲಿ ಸಹ ಕೂರಿಸುವುದಿಲ್ಲ ಮಾರಾಯ್ತಿ. ಅಲ್ಲಿ ಮೊಟ್ಟೆಯ ಟ್ರೇ ಕೂರುವುದು,” ಎನ್ನುತ್ತಿದ್ದಳು. ಅದನ್ನು ಹೇಳುವಾಗಲೂ ನಗುತ್ತಿದ್ದಳು, ಆದರೆ ಆ ನಗು ಸ್ವಲ್ಪ ಬೇಗ ನಿಲ್ಲುತ್ತಿತ್ತು.

ಆ ಕೆರೆಯ ದಂಡೆಯಲ್ಲಿ ಒಂದು ಹಲಗೆಯಿತ್ತು. ಹಿತ್ತಾಳೆಯದು, ಮೇಲೆ ಅರಬ್ಬಿ, ಕೆಳಗೆ ಇಂಗ್ಲಿಷ್. ಒಂದು ದಿನ ಪಾಠಕ್ಕೆ ಮೊದಲು ನಾನು ಅದನ್ನು ಓದಿ ಅವಳಿಗೆ ಹೇಳಿದೆ. ಇದೇ ತೀರದಿಂದ ಹಡಗುಗಳನ್ನು ನಡೆಸಿಕೊಂಡು ಹೋಗಿ, ಕಡಲ ಯುದ್ಧದಲ್ಲಿ ಪೋರ್ಚುಗೀಸರನ್ನು ಸೋಲಿಸಿದ ಒಬ್ಬ ನೌಕಾ ದಳಪತಿಯ ನೆನಪಿಗಾಗಿ ಇಲ್ಲಿ ಸ್ಮಾರಕ ಕಟ್ಟಿದೆ ಎಂಬುದು ಅದರ ಸಾರ.

“ಪೋರ್ಚುಗೀಸರು ಅಂದ್ರೆ ನಮ್ಮ ಪರಂಗಿಯವರಲ್ವಾ?” ಎಂದಳು ಅವಳು. “ನಮ್ಮ ಉಳ್ಳಾಲದ ರಾಣಿ ಓಡಿಸಿದ್ದು ಅವರನ್ನೇ ಅಲ್ವಾ? ಹಾಗಾದ್ರೆ ಈ ಕಪ್ತಾನ ನಮಗೆ ನೆಂಟನೇ ಆಯ್ತು.”

ಹಲಗೆಯ ಹಿಂದೆಯೇ ಒಂದು ಪುಟ್ಟ ಬಿಳಿ ಕಟ್ಟಡ. ಮೇಲೆ ಕೋಟೆಗಿರುವಂಥ ತೆನೆಗಳು, ಮುಂದೆ ಕಮಾನು, ಕಮಾನಿನ ಕೆಳಗೆ ಬೀಗ ಹಾಕಿದ ನೀಲಿ ಬಾಗಿಲು, ಬಾಗಿಲಿನೆದುರು ಎರಡು ಮೆಟ್ಟಿಲು. ಒಳಗಿನಿಂದ ಸದಾ ಒಂದು ಗುಂಯ್‌ಗುಡುವ ಸದ್ದು. ಮೆಟ್ಟಿಲ ಮೇಲೆ ಕಾಲಿಟ್ಟರೆ ಅಂಗಾಲಿಗೆ ಆ ಅದುರು ತಾಗುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಾರ್ಕಿನ ಇನ್ನೊಂದು ತುದಿಯಲ್ಲಿ, ಜಾರುಬಂಡೆ ಉಯ್ಯಾಲೆಗಳ ಪಕ್ಕ, ಕಟ್ಟೆಯ ಮೇಲೆ ಒಂದು ಮರದ ಹಡಗೂ ಇತ್ತು. ಅದು ಮಕ್ಕಳಿಗೆ ಆಡಲು ಇಟ್ಟದ್ದು ಎಂಬುದರಲ್ಲಿ ನಮಗೆ ಸಂಶಯವೇ ಇರಲಿಲ್ಲ. ನಮ್ಮ ಮಕ್ಕಳು ಅದರ ನೆತ್ತಿ ಹತ್ತಿ ಕುಣಿಯುತ್ತಿದ್ದರು. ಕೆರೆಯಲ್ಲಿ ಒದ್ದೆಯಾದ ಅವರ ಅಂಗಿ ಚಡ್ಡಿಗಳನ್ನು ನಾವು ಅದರ ಹಗ್ಗದ ಮೇಲೆ ಹರವಿ ಒಣಗಿಸುತ್ತಿದ್ದೆವು.

ಈಗ ಇದನ್ನು ಓದುವವರಲ್ಲಿ ಕರಾವಳಿಯವರಿದ್ದರೆ ನನ್ನ ತಲೆ ಎತ್ತ ಓಡಿತೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೋರಾಡಿ ಸತ್ತ ವೀರ ಸುಮ್ಮನೆ ಸಾಯುವುದಿಲ್ಲ. ಮಾಯವಾಗಿ ದೈವವಾಗುತ್ತಾನೆ, ಒಂದು ಕಲ್ಲಿನಲ್ಲಿ ಬಂದು ನೆಲೆಸುತ್ತಾನೆ. ನಮ್ಮ ಮೀನುಗಾರರು ನಂಬುವ ಕಡಲ ದೈವದ ಅಪ್ಪ ಮುಸಲ್ಮಾನ ವರ್ತಕ ಎಂದೇ ಕಥೆ ಹೇಳುತ್ತಾರೆ. ದೈವವಾದ ಮಗನೂ ಕಡಲ ಯುದ್ಧದಲ್ಲಿ ಹೋರಾಡಿ ಮಡಿದವನೇ. ಅವನಿಗೂ ಮೂರ್ತಿಯಿಲ್ಲ, ಇಲ್ಲಿಯೂ ಮೂರ್ತಿಯಿಲ್ಲ. ಕಡಲು, ಯುದ್ಧ, ನೀರಿನ ದಂಡೆ, ಮುಚ್ಚಿದ ಬಾಗಿಲು, ಒಳಗಿನಿಂದ ಹೂಂಕಾರ. ಇನ್ನೇನು ಬೇಕು? ಹೀಗೆ ಲೆಕ್ಕಕ್ಕೆ ಲೆಕ್ಕ ಕೂಡಿ ಬಂದಮೇಲೆ ಗಣಿತದ ಟೀಚರು ಸುಮ್ಮನಿರುವುದಾದರೂ ಹೇಗೆ?

ಆದರೂ ಮೊದಲ ಡ್ರಮ್ ಟೆಸ್ಟ್ ಮುಗಿಯುವವರೆಗೆ ನಾನು ಸುಮ್ಮನಿದ್ದೆ. ಆ ದಿನ ಹಿಂದಿನ ಗೇರು ಹಾಕಿದೆ, ಕೈ ನಡುಗಿತು, ಡ್ರಮ್ ಢಣ್ ಎಂದಿತು, ಪೊಲೀಸಿನವರು ಕೈ ಎತ್ತಿದರು. ಸೊಹಾರಿನಿಂದ ಬರುವಾಗ ದಾರಿಯುದ್ದಕ್ಕೂ ಮೇಷ್ಟ್ರು ಒಂದು ಖರ್ಜೂರವನ್ನೂ ತಿನ್ನಲಿಲ್ಲ. ಪಾರ್ಕಿನ ಹತ್ತಿರ ಇಳಿದವಳು ಸೀದಾ ಆ ಬಿಳಿ ಕಟ್ಟಡದ ಮುಂದೆ ಹೋಗಿ ನಿಂತು ಕೈ ಮುಗಿದೆ.

“ಕಪ್ತಾನರೇ, ನೀವು ಪರಂಗಿಯವರನ್ನೇ ಓಡಿಸಿದವರು. ನನ್ನ ಕೈ ನಡುಕ ಓಡಿಸುವುದು ನಿಮಗೆ ದೊಡ್ಡದಲ್ಲ. ಲೈಸೆನ್ಸ್ ಒಂದು ಆಗಲಿ, ನಾನೇ ಕಾರು ಬಿಟ್ಟುಕೊಂಡು ಬಂದು ನಿಮ್ಮ ಮುಂದೆ ಬೊಂಡ ಕೆತ್ತಿ ಇಡ್ತೇನೆ. ಅಲ್ಲಿಯವರೆಗೆ ವಾರ ವಾರ ಬಾಳೆಹಣ್ಣು, ಪಂಚಕಜ್ಜಾಯ ನನ್ನ ಜವಾಬ್ದಾರಿ.” ಬೊಂಡವೆಂದರೆ ನಮ್ಮ ಕಡೆ ಎಳನೀರು, ಎಣ್ಣೆಯಲ್ಲಿ ಕರಿದದ್ದಲ್ಲ.

ಗೆಳತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. “ನಿನ್ನ ಮಂಡೆ ಸರಿ ಉಂಟಾ? ಇದೆಲ್ಲ ನಮ್ಮಲ್ಲಿ ಆಗುವುದಿಲ್ಲ. ನಮ್ಮ ಮಸೀದಿಯ ಉಸ್ತಾದರು ಕೇಳಿದರೆ ಕಾಲು ಮುರಿದಾರು.”

“ನಿನ್ನ ಉಮ್ಮ ದರ್ಗಾಕ್ಕೆ ಹರಕೆ ಹೇಳಿಯೇ ನೀನು ಹುಟ್ಟಿದ್ದಂತೆ. ನೀನೇ ಹೇಳಿದ್ದು,” ಎಂದೆ.

ಅವಳು ಅದಕ್ಕೆ ಬಾಯಿ ತೆರೆದದ್ದೇ ತಡ, ಒಳಗಿನ ಗುಂಯ್ ಸದ್ದು ಟಕ್ಕನೆ ನಿಂತುಹೋಯಿತು. ನಾವಿದ್ದಾಗ ಎಂದೂ ನಿಲ್ಲದ ಸದ್ದು ಅದು. ಕೆರೆಯ ಬಾತುಕೋಳಿಗಳೂ ಸುಮ್ಮನಾದ ಹಾಗೆ ನನಗೆ ಅನ್ನಿಸಿತು. ಅವಳ ನಗು ಅಲ್ಲೇ ಇಂಗಿತು. ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡು, “ಕೇಳಿಸಿಕೊಂಡರು ಅಂತ ಕಾಣ್ತದೆ,” ಎಂದು ಪಿಸುಗುಟ್ಟಿದಳು.

ಸೇಂದಿ, ಕೋಳಿ ಕೇಳುವ ದೈವಗಳೂ ನಮ್ಮಲ್ಲಿವೆ. ಈ ಕಪ್ತಾನರಿಗೆ ಸೇಂದಿ ಆಗದು, ಕೋಳಿಯನ್ನು ಕೊಯ್ಯಬೇಕಾದ ರೀತಿ ನನಗೆ ತಿಳಿಯದು. ಆದ್ದರಿಂದ ಪಂಚಕಜ್ಜಾಯವೇ ಕ್ಷೇಮವೆಂದು ಬಗೆದೆ. ಕಡಲೆಬೇಳೆ ಹುರಿದು ಪುಡಿ ಮಾಡಿ, ಬೆಲ್ಲ, ಕಾಯಿತುರಿ, ಎಳ್ಳು, ಏಲಕ್ಕಿ ಬೆರೆಸಿ ಸ್ಟೀಲಿನ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಬಾಳೆಹಣ್ಣಿಟ್ಟು ಮೆಟ್ಟಿಲ ಮೇಲೆ ಬಿಟ್ಟುಬಂದೆ.

ಅದಾದ ಮರುದಿನದಿಂದ ಕಾರಣಿಕ, ಅಂದರೆ ದೈವದ ಮಹಿಮೆ, ಕಾಣಿಸತೊಡಗಿತು.

ಅದುವರೆಗೆ ನಾನು ಸಂಜೆ ಉರುಳಿಸಿಟ್ಟು ಬಂದ ಡ್ರಮ್‌ಗಳು ಗಾಳಿಗೆ ಕೆರೆಯವರೆಗೂ ಹೊರಳಿ ಹೋಗಿರುತ್ತಿದ್ದವು. ಅವನ್ನು ಹುಡುಕಿ ತಂದು ನಿಲ್ಲಿಸುವುದರಲ್ಲೇ ಪಾಠದ ಅರ್ಧ ಹೊತ್ತು ಕಳೆಯುತ್ತಿತ್ತು. ಹರಕೆ ಹೇಳಿದ ಮೇಲೆ ಹೋಗಿ ನೋಡಿದರೆ ಎಲ್ಲ ಡ್ರಮ್‌ಗಳೂ ಸಾಲಾಗಿ ನಿಂತಿವೆ. ಗಾಳಿಗೆ ಉರುಳದಂತೆ ಒಳಗೆ ಒಂದಿಷ್ಟು ಮರಳು ಹಾಕಿದೆ. ಅಷ್ಟೇ ಅಲ್ಲ, ಧೂಳು ಏಳದಂತೆ ಬಯಲಿಗೆಲ್ಲ ನೀರು ಚಿಮುಕಿಸಿದೆ. ನಮ್ಮಲ್ಲಿ ದೈವದ ಕೋಲಕ್ಕೆ ಮೊದಲು ಅಂಗಳಕ್ಕೆ ನೀರು ಹಾಕುವುದು ಹೀಗೆಯೇ. ನಾನು ಮೇಷ್ಟ್ರಿಗೆ ಶುಕ್ರಿಯಾ ಹೇಳಿದೆ. ಆತ ನನಗೆ ಶುಕ್ರಿಯಾ ಹೇಳಿದ. ಹಾಗಾದರೆ ಇಬ್ಬರೂ ಅಲ್ಲ ಎಂದಾಯಿತು.

ಮೆಟ್ಟಿಲ ಮೇಲೆ ನೋಡಿದರೆ ತಟ್ಟೆ ಖಾಲಿ. ಖಾಲಿಯಷ್ಟೇ ಅಲ್ಲ, ಥಳಥಳ ತೊಳೆದು, ಬೋರಲು ಹಾಕಿಟ್ಟಿತ್ತು. ನನ್ನ ಮಗಳು ಅದನ್ನು ನೋಡಿ, “ಮಮ್ಮಿ, ಸಮ್‌ಬಡಿ ಏಟ್ ಇಟ್,” ಎಂದಳು. ಸುಮ್ಮನಿರು ಎಂದು ಗದರಿದೆ. ಉಂಡ ತಟ್ಟೆಯನ್ನು ತೊಳೆದು ಬೋರಲು ಹಾಕುವ ಗಂಡಸನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಾಗಾಗಿ ಇದು ಮನುಷ್ಯರ ಕೆಲಸವಿರಬಹುದು ಎಂಬ ಅನುಮಾನ ನನ್ನ ಹತ್ತಿರವೂ ಸುಳಿಯಲಿಲ್ಲ.

ವಾರಗಳು ಕಳೆದವು. ನಾನು ಪಂಚಕಜ್ಜಾಯಕ್ಕೆ ತುಪ್ಪ ಹೆಚ್ಚಿಸಿದೆ. ಕಪ್ತಾನರು ನೆಲದ ಮೇಲೆ ಸುಣ್ಣದ ಗೆರೆಯನ್ನೇ ಎಳೆದುಕೊಟ್ಟರು. ನಾನು ಒಮ್ಮೆ ಶಾವಿಗೆ ಪಾಯಸ ಇಟ್ಟೆ. ಅವತ್ತಿನಿಂದ ಕಾರು ತಿರುಗಿಸುವ ಮೂಲೆಯಲ್ಲಿ ನನ್ನ ಟಯರಿಗೆ ಯಾವಾಗಲೂ ಅಡ್ಡ ಬರುತ್ತಿದ್ದ ಕಲ್ಲು ಮಾಯವಾಯಿತು. ಎಲ್ಲಕ್ಕಿಂತ ದೊಡ್ಡ ಸಂಗತಿಯೆಂದರೆ ನನ್ನ ಕೈ ನಡುಕ ನಿಂತದ್ದು. ಹಿಂದಿನ ಗೇರು ಹಾಕುವಾಗ ಕಪ್ತಾನರು ಹಿಂದಿನ ಸೀಟಿನಲ್ಲೇ ಕೂತಿದ್ದಾರೆ ಎಂದುಕೊಳ್ಳುತ್ತಿದ್ದೆ. ಇಡೀ ಹಡಗುಪಡೆಯನ್ನೇ ನಡೆಸಿದವರಿಗೆ ಒಂದು ಜಪಾನಿ ಕಾರು ಯಾವ ಲೆಕ್ಕ? ಮೇಷ್ಟ್ರು ಒಂದು ದಿನ ಖರ್ಜೂರ ಬಾಯಿಗೆ ಹಾಕಿಕೊಳ್ಳಲು ಮರೆತು, “ಮೇಡಂ, ಕಾಫಿ ಬಿಟ್ಟಿರಾ?” ಎಂದು ಕೇಳಿದ.

ಗೆಳತಿ ಮಾತ್ರ ಈ ನಡುವೆ ಸ್ವಲ್ಪ ವಿಚಿತ್ರವಾಗಿ ನಡೆದುಕೊಳ್ಳುತ್ತಿದ್ದಳು. ಮೊದಲು ಹಾಸ್ಯ ಮಾಡುತ್ತಿದ್ದವಳು ಈಗ, “ಈ ವಾರ ಎಂತ ಮಾಡಿದ್ದೀ ಕಪ್ತಾನರಿಗೆ? ಎಳ್ಳು ಜಾಸ್ತಿ ಹಾಕು, ಅವರಿಗೆ ಎಳ್ಳು ಇಷ್ಟ ಅಂತ ಕಾಣ್ತದೆ,” ಎಂದು ತಾನೇ ಮುತುವರ್ಜಿ ವಹಿಸುತ್ತಿದ್ದಳು. ಭಕ್ತಿ ಅಂಟಿಕೊಂಡಿತು, ಪಾಪ, ಎಂದುಕೊಂಡೆ. ಗಂಡನಿಗೆ ಏನೂ ಹೇಳಿರಲಿಲ್ಲ. ಮನೆಯಲ್ಲಿ ಬೆಲ್ಲ ಇಷ್ಟು ಬೇಗ ಖರ್ಚಾಗುವುದೇಕೆ ಎಂದು ಅವರು ಕೇಳಿದಾಗ ಇರುವೆ ಎಂದೆ.

ಶಾಲೆ ತೆರೆಯಲು ಇನ್ನೇನು ಕೆಲವೇ ದಿನ ಉಳಿದಿದ್ದಾಗ ಮತ್ತೆ ಟೆಸ್ಟ್. ಆ ಬೆಳಿಗ್ಗೆ ಸೊಹಾರಿನ ಮೈದಾನದಲ್ಲಿ ನನ್ನ ಮುಂದಿದ್ದ ಗಂಡಸರು ಒಬ್ಬೊಬ್ಬರಾಗಿ ಢಣ್ ಎನ್ನಿಸಿ ತಲೆ ತಗ್ಗಿಸಿ ಹೋದರು. ನನ್ನ ಸರದಿ ಬಂತು. ಹಿಂದಿನ ಗೇರು ಹಾಕಿದೆ. ಕಪ್ತಾನರನ್ನು ನೆನೆದೆ. ಕಾರು ಡ್ರಮ್‌ಗಳ ನಡುವೆ ಕೆನ್ನೆ ಸವರಿದಷ್ಟು ನಯವಾಗಿ ಹೋಗಿ ನಿಂತಿತು. ಪೊಲೀಸಿನವರು ಕೈ ಎತ್ತಲಿಲ್ಲ. ರಸ್ತೆಯ ಟೆಸ್ಟಿನಲ್ಲಿಯೂ ಅವರು ಪಕ್ಕದಲ್ಲಿ ಕೂತು ಒಂದೇ ಒಂದು ಮಾತಾಡಿದರು, ಮುಗಿದ ಮೇಲೆ, “ಮಬ್ರೂಕ್.” ಅಭಿನಂದನೆ ಎಂದು ಅರ್ಥ. ನಾನು ಅಳತೊಡಗಿದೆ. ಪೊಲೀಸಿನವರಿಗೆ ಗಾಬರಿಯಾಗಿ, ನೀವು ಪಾಸಾಗಿದ್ದೀರಿ ಎಂದು ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಕಾದಿದ್ದ ಮೇಷ್ಟ್ರು ಜೇಬಿಗೆ ಕೈ ಹಾಕಿ, ಮೊದಲ ಬಾರಿಗೆ, ಒಂದು ಖರ್ಜೂರ ನನಗೆ ಕೊಟ್ಟ.

ಇನ್ನು ಹರಕೆ ತೀರಿಸುವುದು. ದೈವದ ಬಾಕಿ ಇಟ್ಟುಕೊಂಡು ಶಾಲೆಯ ಮೆಟ್ಟಿಲು ಹತ್ತುವ ಧೈರ್ಯ ನನಗಿರಲಿಲ್ಲ. ಸಲಾಲದಿಂದ ಬರುವ ಲಾರಿಯಲ್ಲಿ ಗೆಳತಿಯ ಗಂಡನ ಕೆಫೆಟೇರಿಯಾಕ್ಕೆ ಬೊಂಡ ಬರುತ್ತಿತ್ತು. ಎರಡು ಬೊಂಡ ತಂದಿಟ್ಟುಕೊಂಡು, ಬೆಳಿಗ್ಗೆ ಮಿಂದು, ಮಗಳನ್ನು ಮೇಲಿನ ಮನೆಯಲ್ಲಿ ಬಿಟ್ಟು, ಮೊದಲ ಸಲ ಒಬ್ಬಳೇ ಕಾರು ಹೊರಗೆ ತೆಗೆದೆ. ಅದುವರೆಗೆ ನಾನು ಪಾರ್ಕಿಗೆ ಹೋಗಿದ್ದುದೆಲ್ಲ ಸಂಜೆ. ಬೆಳಗಿನಲ್ಲಿ ಅದೇ ಮೊದಲು.

ಬಿಳಿ ಕಟ್ಟಡದ ನೀಲಿ ಬಾಗಿಲು ಹಾರು ಹೊಡೆದುಕೊಂಡಿತ್ತು.

ಒಳಗೆ ದೊಡ್ಡದೊಂದು ಮೋಟಾರು, ಕೊಳವೆಗಳು, ಗೋಡೆಗೆ ಒರಗಿಸಿದ ಸೈಕಲ್ಲು, ಮೊಳೆಗೆ ನೇತುಹಾಕಿದ ಲುಂಗಿ. ಮೋಟಾರಿನ ಮುಂದೆ ಸ್ಟೂಲಿನ ಮೇಲೆ ಕೂತು ಬನಿಯನ್ನಿನ ಒಬ್ಬ ಗಂಡಸು ಚಹಾ ಕುಡಿಯುತ್ತಿದ್ದ. ನನ್ನನ್ನು ಕಂಡವನೇ ಎದ್ದು, ಗಡಿಬಿಡಿಯಲ್ಲಿ ಅಂಗಿ ತೊಟ್ಟುಕೊಂಡು, ಮುಖ ತುಂಬ ನಗುತ್ತ ಮಲಯಾಳದಲ್ಲಿ, “ಚೇಚೀ, ಪಾಸಾದಿರಾ?” ಎಂದ. ಚೇಚಿ ಎಂದರೆ ಅಕ್ಕ.

ಕಾಸರಗೋಡಿನ ಸೋದರತ್ತೆಯ ದಯೆಯಿಂದ ನನಗೆ ಮಲಯಾಳ ಅರ್ಥವಾಗುತ್ತದೆ. ಅವತ್ತು ಆಗದಿದ್ದರೆ ಚೆನ್ನಾಗಿತ್ತು. ಕೈಯಲ್ಲಿ ಬೊಂಡ ಹಿಡಿದುಕೊಂಡು ನಿಂತವಳಿಗೆ ಆತ ಒಂದೊಂದಾಗಿ ಹೇಳಿದ. ಇದು ಪಾರ್ಕಿನ ಗಿಡಗಳಿಗೂ ಕೆರೆಗೂ ನೀರು ಬಿಡುವ ಪಂಪುಮನೆ. ತನಗೆ ಬೆಳಗಿನ ಹೊತ್ತು ಕೆಲಸ, ಸಂಜೆ ಕೆರೆ ತುಂಬಿದೊಡನೆ ಮೋಟಾರು ತಾನಾಗಿ ನಿಲ್ಲುವಂತೆ ಮಾಡಿ ಬೀಗ ಹಾಕಿ ಚಹಾಕ್ಕೆ ಹೋಗುತ್ತೇನೆ. ತಿರುಗಿ ಬರುವಾಗ ನೀವು ಸಿಹಿ ಇಟ್ಟು ಕೈ ಮುಗಿಯುವುದನ್ನು ದೂರದಿಂದ ಕಂಡಿದ್ದೆ. ಊರು ಬಿಟ್ಟು ಬಂದ ಮೇಲೆ ತನಗೆಂದೇ ಯಾರೂ ಸಿಹಿ ಮಾಡಿ ಕೊಟ್ಟಿರಲಿಲ್ಲ. ಅದಕ್ಕೆ ಪ್ರತಿಯಾಗಿ ಕೊಡಲು ತನ್ನಲ್ಲೇನಿದೆ, ನೀರು ಇದೆ, ಕೈಕಾಲಿದೆ. ಹಾಗಾಗಿ ಡ್ರಮ್ ಎತ್ತಿ ನಿಲ್ಲಿಸುತ್ತಿದ್ದೆ, ನೀರು ಹಾಕುತ್ತಿದ್ದೆ. ಪಾಯಸ ಬಹಳ ಚೆನ್ನಾಗಿತ್ತು.

“ಮತ್ತೆ ಕಪ್ತಾನರು?” ಎಂದೆ.

ಆತ ಕೆರೆಯ ಆಚೆ ತುದಿಗೆ ಕೈ ತೋರಿಸಿದ. “ಸ್ಮಾರಕ ಅದಲ್ಲವಾ ಚೇಚೀ, ಆ ಹಡಗು.”

ಹಡಗಿನ ಹಗ್ಗದ ಮೇಲೆ ನನ್ನ ಮಗಳ ಹಳದಿ ಚಡ್ಡಿ ಹಾರಾಡುತ್ತಿತ್ತು. ಹಿಂದಿನ ದಿನ ಮರೆತು ಬಂದದ್ದು.

ಆಮೇಲೆ ತಿಳಿಯಿತು. ಆ ಕಾಲದಲ್ಲಿ ಒಮಾನಿನಲ್ಲಿ ನೀರಿನ ಟಾಂಕಿಗೂ ಕರೆಂಟಿನ ಪೆಟ್ಟಿಗೆಗೂ ಚೆಂದಕ್ಕೆ ಕೋಟೆಯ ತೆನೆ ಇಟ್ಟೇ ಕಟ್ಟುತ್ತಿದ್ದರು. ನಾನು ಅದನ್ನು ದಿನಾ ನೋಡುತ್ತಿದ್ದೆ, ಕಂಡಿರಲಿಲ್ಲ. ಹಿತ್ತಾಳೆಯ ಹಲಗೆಯನ್ನು ನೆರಳಿರುವ ಕಡೆ ಹಾಕಿದ್ದರು, ಅಷ್ಟೇ. ನಾನು ಓಡಿಹೋಗಿ ಚಡ್ಡಿ ತೆಗೆದೆ. ಹಡಗಿನ ಮುಂದೆ ನಿಂತು, ಪರಂಗಿಯವರನ್ನು ಸೋಲಿಸಿದ ಆ ಮಹಾನುಭಾವನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಒಂದು ಬೊಂಡವನ್ನು ಪಂಪಿನವನಿಗೆ ಕೊಟ್ಟೆ. ಆತ ನಿಂತಲ್ಲೇ ಕುಡಿದು ಮುಗಿಸಿದ. ಇನ್ನೊಂದನ್ನು ಹಿಡಿದುಕೊಂಡು ಕಾರು ಹತ್ತಿದೆ. ನಾಚಿಕೆಯಾಗಿತ್ತು, ಅಳು ಬರುತ್ತಿತ್ತು, ಆತನ ಮೇಲೆ ಸಿಟ್ಟು ಮಾಡಲೂ ಕಾರಣವಿರಲಿಲ್ಲ.

ಮನೆಗೆ ಬಂದು ಮೇಲಿನ ಮೆಟ್ಟಿಲು ಹತ್ತಿ ಗೆಳತಿಯ ಮುಂದೆ ಎಲ್ಲ ಕಾರಿಕೊಂಡೆ. ಅವಳು ಸಮೋಸಕ್ಕೆ ಹಿಟ್ಟು ನಾದುತ್ತಿದ್ದಳು. ನಾದುತ್ತಲೇ ಇದ್ದಳು. ಅವಳ ಭುಜ ಮಾತ್ರ ಕುಲುಕುತ್ತಿತ್ತು.

“ನಿನಗೆ ಗೊತ್ತಿತ್ತು,” ಎಂದೆ.

“ಮೊದಲನೇ ವಾರವೇ ಗೊತ್ತಾಯ್ತು. ಅವ ಚಹಾಕ್ಕೆ ಬರುವುದು ನಮ್ಮಲ್ಲಿಗೇ ಅಲ್ವಾ? ಯಾರೋ ಮಂಗಳೂರಿನ ಚೇಚಿ ನನಗೆ ಸಿಹಿ ಇಟ್ಟು ಕೈ ಮುಗಿದು ಹೋಗ್ತಾರೆ ಅಂತ ನಮ್ಮವರ ಹತ್ತಿರ ಹೇಳ್ತಿದ್ದ. ಒಳಗೆ ನಾನು ಬಿದ್ದು ಬಿದ್ದು ನಗಾಡಿದೆ.”

“ಮತ್ತೆ ಯಾಕೆ ಹೇಳಲಿಲ್ಲ? ನನ್ನನ್ನು ಮಂಗ ಮಾಡ್ಲಿಕ್ಕಾ?” ನನ್ನ ಸಿಟ್ಟಿಗೆ ಕೊನೆಗೂ ಒಂದು ವಿಳಾಸ ಸಿಕ್ಕಿತ್ತು.

ಅವಳು ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನ ಕಡೆ ತಿರುಗಿದಳು. ನಗು ಹೋಗಿತ್ತು.

“ನೀನು ಹರಕೆ ಹೇಳಿದ ಮರುದಿನ ನಿನ್ನ ಕೈ ನೋಡಿದೆ ಮಾರಾಯ್ತಿ. ನಡುಗಲಿಲ್ಲ. ಹೇಳಿದರೆ ಮತ್ತೆ ಶುರು ಆಗ್ತಿತ್ತು. ಮೊದಲು ಡ್ರಮ್ ನಿಲ್ಲಿಸಿದ್ದು, ಮರಳು ಹಾಕಿದ್ದು, ನೀರು ಹಾಕಿದ್ದು ಅವನೇ. ಗೆರೆ ಎಳೆ, ಆ ಕಲ್ಲು ತೆಗೆ ಅಂತ ಹೇಳಿ ಕಳಿಸಿದ್ದು ನಾನು. ನಿನಗೆ ಆ ಶಾಲೆ ಕೆಲಸ ಬೇಕಿತ್ತಲ್ಲ. ನಮ್ಮಿಬ್ಬರಲ್ಲಿ ಒಬ್ಬಳಾದರೂ ಆ ರಸ್ತೆಯಲ್ಲಿ ಹೋಗಲಿ ಅಂತ.”

ಇವಳನ್ನು ನಾನು ಅಷ್ಟು ಇಷ್ಟಪಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಕೈಯಲ್ಲಿದ್ದ ಬೊಂಡವನ್ನು ಅವಳ ಮುಂದೆ ಹಿಡಿದು, “ಹಾಗಾದರೆ ಇದು ನಿನಗೇ ಸಲ್ಲಬೇಕು. ತಕೋ,” ಎಂದೆ.

ಅವಳು ಕೈ ತೊಳೆದು, ಕತ್ತಿಯಿಂದ ಬೊಂಡ ಕೆತ್ತಿ, ಎತ್ತಿ ಗಟಗಟ ಕುಡಿದಳು. ಕುಡಿದು, ಕಣ್ಣು ಅರೆಮುಚ್ಚಿ, ಒಂದು ಕಾಲು ಮುಂದಿಟ್ಟು ಮೈ ಅಲುಗಿಸಿದಳು. ಅವಳ ತವರಿನ ಹಿತ್ತಿಲಾಚೆಯೇ ದೈವಸ್ಥಾನ. ಎಷ್ಟೋ ಕೋಲಗಳನ್ನು ಕಾಂಪೌಂಡಿನ ಗೋಡೆ ಹತ್ತಿ ನೋಡಿದವಳು. ದೈವದ ನುಡಿಯ ಏರಿಳಿತವೆಲ್ಲ ಅವಳಿಗೆ ಬಾಯಿಪಾಠ.

“ನಂಬಿದವಳನ್ನು ಕೈ ಬಿಡಲಿಲ್ಲ,” ಎಂದಳು ದಪ್ಪ ದನಿಯಲ್ಲಿ. “ಹರಕೆ ಸಂದಿತು. ಸಂತೋಷ ಆಯಿತು. ಇನ್ನು ನನಗೊಂದು ಕಟ್ಟಳೆ ಆಗಬೇಕು.”

“ಏನು ಕಟ್ಟಳೆ?” ಎಂದೆ ಕೈ ಮುಗಿದು, ನಗುತ್ತ.

ಕಣ್ಣು ತೆರೆದು ತನ್ನದೇ ದನಿಯಲ್ಲಿ ಹೇಳಿದಳು, “ಮೊಟ್ಟೆಯ ಟ್ರೇ ಹಿಂದಿನ ಸೀಟಿಗೆ ಹೋಗಬೇಕು. ನನಗೂ ಕಲಿಸು.”

ಅವಳ ಗಂಡನನ್ನು ಒಪ್ಪಿಸಿದ್ದು ಮಾತಿನ ಬಲದಿಂದಲ್ಲ. ಅವಳು ನಾಲ್ಕು ದಿನ ಸಮೋಸ ಮಾಡಲಿಲ್ಲ, ಅಷ್ಟೇ. ಐದನೆಯ ದಿನ ನಾನು ಶಾಲೆ ಮುಗಿಸಿ ಸೊಹಾರಿನಿಂದ ಕಾರು ಓಡಿಸಿಕೊಂಡು ಸೀದಾ ಪಾರ್ಕಿಗೆ ಬಂದೆ. ಪಂಪಿನವನ ಹತ್ತಿರ ಬಕೆಟ್ ಕೇಳಿ ಪಡೆದು, ಬಯಲಿಗೆ ನಾನೇ ನೀರು ಚಿಮುಕಿಸಿದೆ. ಡ್ರಮ್‌ಗಳನ್ನು ಒಂದೊಂದಾಗಿ ಎತ್ತಿ ಸಾಲಾಗಿ ನಿಲ್ಲಿಸಿದೆ. ಸೀರೆಯೆಲ್ಲ ತುಕ್ಕಿನ ಕಲೆಯಾಯಿತು. ಅಷ್ಟರಲ್ಲಿ ಮೇಷ್ಟ್ರ ಕಾರು ಬಂತು. ಸ್ಟೀರಿಂಗ್ ಹಿಂದೆ ನನ್ನ ಗೆಳತಿ, ಕಣ್ಣು ದೊಡ್ಡದು ಮಾಡಿಕೊಂಡು, ಎರಡೂ ಕೈ ಜ್ವರ ಬಂದವರ ಹಾಗೆ ನಡುಗಿಸುತ್ತ.

ಮೊದಲ ಡ್ರಮ್ ಢಣ್ ಎಂದಿತು. ಮೇಷ್ಟ್ರು ಖರ್ಜೂರ ಬಾಯಿಗೆ ಹಾಕಿಕೊಂಡ. ನಾನು ಹೋಗಿ ಡ್ರಮ್ ಎತ್ತಿ ನಿಲ್ಲಿಸಿದೆ.